ಖಾಲಿ ಫ್ಲ್ಯಾಶ್

ನೀಲವ್ವ, ನಿಮ್ಮಪ್ಪನ ಫೋಟೋ ನೀರಿನಲ್ಲಿ ಹಾಳಾಗಲಿಲ್ಲ. ನಾನು ಅದನ್ನು ತೆಗೆದೇ ಇರಲಿಲ್ಲ.

ನಾನು ಆಗ ಮಂತ್ರಿಗಳ ಸರಕಾರಿ ಫೋಟೋಗ್ರಾಫರ್. ಗೋಕಾಕ, ಹುಕ್ಕೇರಿ, ಮೂಡಲಗಿ — ಸಾಹೇಬರ ಕಾರು ಹೋದಲ್ಲೆಲ್ಲ ನಾನೂ. ಸಭೆ ಮುಗಿದರೆ ಊರಿಗೆ ಊರೇ ಅವರ ಪಕ್ಕ ನಿಲ್ಲಬೇಕು; ಅಷ್ಟು ರೀಲು ಎಲ್ಲಿಂದ ತರುವುದು? ಅದಕ್ಕೇ ನಮ್ಮ ಕಸುಬಿನಲ್ಲಿ ಒಂದು ಉಪಾಯವಿತ್ತು — ಖಾಲಿ ಫ್ಲ್ಯಾಶ್. ಕ್ಯಾಮೆರಾ ಒತ್ತದೆ ಫ್ಲ್ಯಾಶಿನ ಗುಂಡಿಯನ್ನಷ್ಟೇ ಒತ್ತುವುದು. ಬೆಳಕು ಮಿಂಚುತ್ತದೆ, ನಿಂತವನು ಖುಷಿಯಾಗುತ್ತಾನೆ, ರೀಲು ಉಳಿಯುತ್ತದೆ. ಸಾಹೇಬರು ಕನ್ನಡಕ ಸರಿಮಾಡಿಕೊಂಡರೆ 'ಖಾಲಿ ಹೊಡಿ' ಎಂದರ್ಥ. ಎಷ್ಟು ನಗುಮುಖಗಳಿಗೆ ಟೋಪಿ ಹಾಕಿದೆನೋ! ಆಗ ನನಗದು ತಮಾಷೆಯಾಗಿತ್ತು.

ಮೂಡಲಗಿಯ ಸಭೆಗೆ ನಿಮ್ಮಪ್ಪ ತುಕ್ಕಾನಟ್ಟಿಯಿಂದ ಬಂದಿದ್ದ. ತನ್ನ ಕುರಿಗಳ ಉಣ್ಣೆಯ ಕರಿ ಕಂಬಳಿಯನ್ನು ಸಾಹೇಬರಿಗೆ ಹೊದಿಸಿದ. ಆಮೇಲೆ ನಿನ್ನನ್ನು ಎತ್ತಿಕೊಂಡು, ರುಮಾಲು ಸರಿಮಾಡಿಕೊಂಡು, ಅವರ ಪಕ್ಕ ನಿಂತು ನನ್ನ ಕಡೆ ತಿರುಗಿದ.

"ಫೋಟೋ ಸಾಹೇಬ್ರ, ನಮ್ಮ ನೀಲವ್ವ ಕಣ್ಣ ಮುಚ್ತಾಳ್ರಿ. ಸ್ವಲ್ಪ ನೋಡಿ ಹೊಡೀರಿ."

ನೋಡಿಯೇ ಹೊಡೆದೆ — ಖಾಲಿ. ಅವನು ನನಗೆ ಕೈ ಮುಗಿದು ಹೋದ.

ಆ ವರ್ಷವೇ ಅವನು ಜ್ವರದಲ್ಲಿ ತೀರಿಕೊಂಡದ್ದು ನನಗೆ ತಿಳಿದದ್ದು ಹೋದ ವಾರ, ನಿನ್ನ ಬಾಯಿಂದ. ಗೋಕಾಕದಲ್ಲಿ ನನ್ನ ಫೋಟೋಗಳ ಪ್ರದರ್ಶನ. ಸಾಹೇಬರು ತೀರಿಹೋದ ಮೇಲೆ ನನ್ನನ್ನು ಯಾರು ಕೇಳುತ್ತಾರೆ? ಹಾರ ಹಾಕಿದವರು ಚಹಾ ಕುಡಿದು ಹೊರಟಿದ್ದರು. ನೀನೊಬ್ಬಳೇ ಪ್ರತಿ ಚಿತ್ರದ ಮುಂದೆ ನಿಂತು, ಗುಂಪಿನ ಒಂದೊಂದೇ ಮುಖ ನೋಡುತ್ತಿದ್ದೆ.

"ಕಾಕಾ, ಅಪ್ಪನ ಮಾರಿ ನನಗ ನೆನಪಿಲ್ರಿ. ಮನ್ಯಾಗ ಅವಂದೊಂದೂ ಫೋಟೋ ಇಲ್ಲ. ಮೂಡಲಗ್ಯಾಗ ಸಾಹೇಬ್ರಿಗೆ ಕಂಬಳಿ ಹೊಚ್ಚಿದಾಗ ತಗದದ್ದು ನಿಮ್ಮ ಹತ್ರ ಐತಿ ಅಂತ ಅವ್ವ ಹೇಳ್ತಿದ್ಲು. ಅವತ್ತ ಬೆಳಕ ಬಿದ್ದದ್ದಷ್ಟ ನೆನಪೈತಿ."

ಘಟಪ್ರಭಾ ಹೊಳೆ ಮನೆಗೆ ನುಗ್ಗಿದ ವರ್ಷ ಆ ರೀಲು ನೀರಿನಲ್ಲಿ ಹೋಯಿತು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

"ಹೋಗ್ಲಿ ಬಿಡ್ರಿ ಕಾಕಾ, ನೀವ್ ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ನೀನೇ ನನ್ನನ್ನು ಸಮಾಧಾನ ಮಾಡಿದೆ.

ಅಂದಿನಿಂದ ಕೋಣೆಯಲ್ಲಿ ಒಬ್ಬನೇ ಕೂತು, ಇದನ್ನೆಲ್ಲ ಮನಸ್ಸಿನಲ್ಲೇ ನಿನಗೆ ಹೇಳಿಕೊಳ್ಳುತ್ತಿದ್ದೇನೆ. ಉಂಡೆಯಾ ಎಂದು ಕೇಳುವವರಿಲ್ಲ. ಇಷ್ಟು ಚಿತ್ರ ತೆಗೆದೆ, ಒಂದರಲ್ಲೂ ನಾನಿಲ್ಲ — ಇದೇ ನನ್ನ ದೊಡ್ಡ ದುಃಖವೆಂದುಕೊಂಡಿದ್ದೆ. ನಾಚಿಕೆಯಾಗುತ್ತದೆ.

ಸಾಹೇಬರ ಮೇಲೆ ಹಾಕಿ ಪಾರಾಗಬಹುದಿತ್ತು. ಆದರೆ ಆ ದಿನ ಅವರು ಕನ್ನಡಕ ಮುಟ್ಟಿರಲಿಲ್ಲ. ರೀಲಿನಲ್ಲಿ ಜಾಗವೂ ಇತ್ತು. ಕುರಿ ಕಾಯುವವನಿಗೆ ಫೋಟೋ ಯಾಕೆ ಎಂದುಕೊಂಡವನು — ನಾನು.

ಅಪ್ಪನದೆಂದು ನಿನಗೆ ಉಳಿದದ್ದು ಆ ಬೆಳಕೊಂದೇ. ಅದೂ ಸುಳ್ಳೆಂದು ನಿನ್ನ ಮುಖ ನೋಡಿ ಹೇಳಬೇಕಾಗಿದೆ. ಸೋಮವಾರ ತುಕ್ಕಾನಟ್ಟಿಗೆ ಬರುತ್ತೇನೆ, ಕ್ಯಾಮೆರಾ ಇಲ್ಲದೆ. ಕೇಳಿದ ಮೇಲೆ ನೀನು ಬಾಗಿಲು ಹಾಕಿಕೊಂಡರೆ, ಅದು ನ್ಯಾಯವೇ.