ಜೂನ್ ಒಂದರ ಮೇಣಬತ್ತಿ

ಕರೆಂಟು ಹೋಗದೆ ಮೇಣಬತ್ತಿ ಹಚ್ಚಬಾರದೆಂಬುದು ನಮ್ಮ ಮನೆಯ ಅಲಿಖಿತ ಶಾಸನ. ನಾನು ಬೈಲಹೊಂಗಲದಲ್ಲಿ ಸಂಸಾರ ಹೂಡಿದಂದಿನಿಂದ ಮೇಣಬತ್ತಿಗೆ ಅಡುಗೆಮನೆಯ ಕಪಾಟಿನಲ್ಲಿ, ಕಡ್ಡಿಪೆಟ್ಟಿಗೆಗೂ ತುಕ್ಕು ಹಿಡಿದ ಟಾರ್ಚಿಗೂ ನಡುವೆ, ಒಂದು ಕಾಯಂ ಸ್ಥಾನವಿದೆ. ಹೀಗಿರುವಾಗ ಹಾಡಹಗಲು, ಕರೆಂಟು ಇದ್ದೂ ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ ಮೇಣಬತ್ತಿ ಹಚ್ಚಿ ಕೂರುವ ಸೌಭಾಗ್ಯ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದ ಮೇಲೆ ನನಗೆ ಒದಗಿಬಂತು ಎಂದರೆ ನೀವು ನಗಬಹುದು. ನಾನೂ ಮೊದಲು ನಕ್ಕವಳೇ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ರೆಹಾನಾ. ಅವಳ ತಂದೆಗೆ ಬಜಾರದಲ್ಲಿ ಅತ್ತರಿನ ಅಂಗಡಿ, ಹಾಗಾಗಿ ಪರಿಮಳ ಅವಳಿಗೆ ಪಿತ್ರಾರ್ಜಿತ. ಪದವಿ ಮುಗಿಸಿದ ಮೇಲೆ ಮೊಬೈಲು ನೋಡಿ ಮೇಣಬತ್ತಿ ಮಾಡಲು ಕಲಿತಳು. ಹನ್ನೆರಡು ರಾಶಿಗೆ ಹನ್ನೆರಡು ಸುಗಂಧ. ನಮ್ಮ ಜೋಯಿಸರು ಚಂದ್ರನನ್ನು ಹಿಡಿದು ರಾಶಿ ಹೇಳಿದರೆ ಇವಳ ಮೊಬೈಲು ಹುಟ್ಟಿದ ತಾರೀಖು ಹಿಡಿದು ಹೇಳುತ್ತದೆ. ಪ್ರತಿ ಡಬ್ಬಿಯ ಮೇಲೂ 'ಮೊದಲು ನಿಮ್ಮನ್ನು ನೀವು ಪ್ರೀತಿಸಿ' ಎಂಬ ಬರಹ. ಕನ್ನಡಿಯ ಮುಂದೆ ಎರಡನೆಯ ಸಲ ನಿಂತರೆ 'ಯಾರಿಗೆ ತೋರಸಾಕ?' ಎಂದು ಬೈಸಿಕೊಂಡು ಬೆಳೆದ ನನ್ನಂಥವಳಿಗೆ ಅದನ್ನು ಓದುವಾಗಲೇ ಸಂಕೋಚವಾಗುತ್ತಿತ್ತು.

ಆದರೆ ಹುಡುಗಿಯ ನಿಷ್ಠೆ ಮಾತ್ರ ನಿಷ್ಕಳಂಕ. ಅಗ್ಗದ ಮೇಣ ಮುಟ್ಟುವುದಿಲ್ಲ, ಸೋಯಾಬೀನಿನ ಮೇಣವೇ ಆಗಬೇಕು. ನಮ್ಮ ಹೊಲಗಳಲ್ಲೇ ಬೆಳೆಯುವ ಸೋಯಾಬೀನು ಎಲ್ಲೆಲ್ಲೋ ಸುತ್ತಿ, ಬಿಳಿ ಚಕ್ಕೆಯಾಗಿ ಕೊರಿಯರಿನಲ್ಲಿ ನಮ್ಮೂರಿಗೇ ಮರಳುವ ವೈಭವವನ್ನು ನಾನು ಬೆರಗಿನಿಂದ ನೋಡಿದ್ದೇನೆ. "ಬಾಟ್ಲಿ ಸೆಂಟ್ ಬ್ಯಾಡ್ರಿ ಅಕ್ಕೋರ, ಅಮ್ಮಿಗೆ ಕೆಮ್ಮು ಬರತೈತಿ" ಎಂದು ಲಾವಂಚ, ದವನ, ನಿಂಬೆಹುಲ್ಲುಗಳ ಅಸಲಿ ಎಣ್ಣೆಯನ್ನೇ ಹನಿ ಎಣಿಸಿ ಹಾಕುತ್ತಾಳೆ. ಬತ್ತಿಯೂ ಹತ್ತಿಯದೇ. ಅದನ್ನು ಹೊಸೆದುಕೊಡುವ ಕೆಲಸ ನನ್ನದು. ದೇವರಿಗೆ ಹೊಸೆದ ಕೈ ಈಗ ಗ್ರಹಗಳಿಗೂ ಹೊಸೆಯುತ್ತಿದೆ.

ಕಳೆದ ಬೇಸಿಗೆಯಲ್ಲಿ ರೆಹಾನಾ ತನ್ನ ತಾಯಿ ಹಸೀನಾಳ ಹುಟ್ಟುಹಬ್ಬಕ್ಕೆಂದು ಒಂದು ವಿಶೇಷ ಮೇಣಬತ್ತಿ ಮಾಡಲು ಹೊರಟಳು. ಜೂನ್ ಒಂದು, ಮಿಥುನ ರಾಶಿ. ನಿಂಬೆಹುಲ್ಲು ಮತ್ತು ಪುದೀನ. ಮಿಥುನದವರು ವಾಚಾಳಿಗಳು, ಚಂಚಲರು, ಹತ್ತು ಜನರ ನಡುವೆ ಅರಳುವವರು ಎಂದು ಮೊಬೈಲು ಹೇಳಿತು. ಹಸೀನಾ ಆದರೋ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮಗಳು ಗಾಬರಿಯಾದಳು.

"ಅಮ್ಮಿ ಮಾತಿನ ಮಲ್ಲಿ ಇರಬೇಕಿತ್ರಿ ಅಕ್ಕೋರ! ಎಲ್ಲಾ ಮನಸಿನ್ಯಾಗ ಇಟಕೊಂಡು ತನ್ನ ತಾನ ಮರತಬಿಟ್ಟಾಳ" ಎಂದವಳು ತಾಯಿಗೆ ಮಾತಿನ ತಾಲೀಮು ಶುರು ಮಾಡಿದಳು. ಪಾಪ, ಹಸೀನಾ ಮಗಳ ಮಾತು ಮೀರಲಿಲ್ಲ. ದಿನವೂ ಕಂಪೌಂಡಿನ ಬಳಿ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಇವತ್ತ ಏನ್ ಪಲ್ಲೆ ಮಾಡೀರಿ ಅಕ್ಕೋರ?" ಎಂದು ಕೇಳುವಳು. ನಾನು ಹೇಳುವೆ. ಮುಂದೇನು ಕೇಳಬೇಕೆಂದು ತೋಚದೆ ಅದನ್ನೇ ಮತ್ತೆ ಕೇಳುವಳು. ಒಂದು ದಿನ ತಗ್ಗಿದ ದನಿಯಲ್ಲಿ, "ನನ್ನೊಳಗ ಏನರ ಕೊರತಿ ಐತೇನ್ರಿ?" ಎಂದಳು. ನಾನು ಏನೋ ನೆವ ಹೇಳಿ ಒಳಗೆ ಹೋದೆ.

ಯಾಕೆಂದರೆ ಆ ಜೂನ್ ಒಂದು ನನ್ನದೇ ಸೃಷ್ಟಿ. ನಾನು ಹೊಸದಾಗಿ ನೌಕರಿಗೆ ಸೇರಿದ ವರ್ಷ ಒಂದನೆಯ ಇಯತ್ತೆಗೆ ಬಂದ ಮಕ್ಕಳಲ್ಲಿ ಹಸೀನಾಳೂ ಒಬ್ಬಳು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ಆರು ವರ್ಷ ತುಂಬಿತೆಂದು ಲೆಕ್ಕ, ತಾರೀಖು ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು. ನನ್ನ ಗುರುಗಳು ನನಗೂ ಅದನ್ನೇ ಬರೆದಿದ್ದರು. ಪರಂಪರೆ ಮುರಿಯಬಾರದೆಂದು ನಾನೂ ಮೂವತ್ತೈದು ವರ್ಷ ಸಿಕ್ಕವರನ್ನೆಲ್ಲ ಮಿಥುನಕ್ಕೆ ಸೇರಿಸುತ್ತ ಬಂದೆ. ಅದೊಂದು ನಿರುಪದ್ರವಿ ಸುಳ್ಳೆಂದೇ ತಿಳಿದಿದ್ದೆ. ತಂದೆತಾಯಿ ತೀರಿಹೋದ ಮೇಲೆ ಹಸೀನಾಳ ಪಾಲಿಗೆ ನನ್ನ ಅಕ್ಷರವೇ ಜನ್ಮಸಾಕ್ಷಿಯಾದೀತೆಂದು ನನಗೇನು ಗೊತ್ತಿತ್ತು?

ಸತ್ಯವನ್ನೇ ನುಡಿಯಿರೆಂದು ಸಾವಿರ ಸಲ ಕಾಪಿ ಬರೆಸಿದ ಅಕ್ಕೋರಿಗೆ ಅದನ್ನು ನುಡಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬತ್ತಿಗಳ ಪೊಟ್ಟಣ ಹಿಡಿದು ಅವರ ಮನೆಗೆ ಹೋದವಳು, ತಾಯಿ-ಮಗಳು ಇಬ್ಬರನ್ನೂ ಕೂರಿಸಿ ಎಲ್ಲ ಒಪ್ಪಿಕೊಂಡೆ. "ಆ ತಾರೀಖು ನಾನ ಬರದದ್ದವಾ ಹಸೀನಾ. ನಿಮ್ಮಪ್ಪ ಹತ್ತಿ ಬಿಡಸೂ ಮುಂದ ಹುಟ್ಯಾಳ್ರಿ ಅಂತ ಹೇಳಿದ್ರು. ಸಾಲಿ ರಜಿಸ್ಟರನ್ಯಾಗ ಅದನ್ನ ಬರಿಯಾಕ ಜಾಗಾ ಇರಲಿಲ್ಲ."

ರೆಹಾನಾ ತಕ್ಷಣ ಮೊಬೈಲು ತೆಗೆದಳು. ಹತ್ತಿ ಬಿಡಿಸುವ ಹಂಗಾಮು ಎರಡು ಮೂರು ರಾಶಿಗಳಿಗೆ ಹಬ್ಬಿಕೊಂಡಿತ್ತು; ಅವಳು ಮೊಬೈಲನ್ನು ಪಕ್ಕಕ್ಕಿಟ್ಟಳು. ಹಸೀನಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೈದರೆ ಬೈಯಲಿ ಎಂದು ನಾನು ತಲೆ ತಗ್ಗಿಸಿದೆ.

"ಹಂಗಾರ ನಾ ಸುಮ್ಮನ ಕುಂತ್ರ ಏನೂ ತಪ್ಪಿಲ್ಲ ಅಲ್ರಿ, ಅಕ್ಕೋರ?" ಎಂದಳು.

"ಏನೂ ತಪ್ಪಿಲ್ಲ" ಎನ್ನುವಷ್ಟರಲ್ಲಿ ನನ್ನ ಕಣ್ಣು ತುಂಬಿತು. ಹಸೀನಾ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಅವಳು ಅಷ್ಟು ಹೊತ್ತು ನಕ್ಕದ್ದನ್ನು ನಾನು ಒಂದನೆಯ ಇಯತ್ತೆಯಿಂದಲೂ ಕಂಡಿರಲಿಲ್ಲ. ರೆಹಾನಾ ತಾಯಿಯ ಕೈ ಹಿಡಿದುಕೊಂಡು, "ಹಂಗಾರ ನಿನ್ನ ಬತ್ತಿಗೆ ಯಾವ ವಾಸನಿ ಹಾಕಲಿ ಅಮ್ಮಿ? ಹತ್ತಿಗೆ ವಾಸನಿನ ಇಲ್ಲಲ್ಲ?" ಎಂದಳು. ಹಸೀನಾ ನಗು ತಡೆದು, "ಏನೂ ಹಾಕಬ್ಯಾಡ. ಹಂಗ ಇರಲಿ" ಎಂದಳು. ಹನ್ನೆರಡು ಪರಿಮಳಗಳ ಒಡತಿಗೆ ಎಣ್ಣೆಯ ಶೀಶೆ ಮುಟ್ಟದಿರುವುದು ಕಷ್ಟವೇ ಆಯಿತು. ಆದರೂ ಬರೀ ಮೇಣ ಕರಗಿಸಿದಳು. ನಾನು ತಂದಿದ್ದ ಬತ್ತಿಗಳಲ್ಲಿ ನೆಟ್ಟಗಿದ್ದದ್ದನ್ನು ಆರಿಸಿ ನಡುವೆ ನಿಲ್ಲಿಸಿದಳು.

ಹುಟ್ಟುಹಬ್ಬವೆಂದು, ಬೇರೆ ದಿನ ಗೊತ್ತಿಲ್ಲವಾದ್ದರಿಂದ, ಅದೇ ಜೂನ್ ಒಂದನ್ನೇ ಇಟ್ಟುಕೊಂಡೆವು. ಹಸೀನಾ ಮಧ್ಯಾಹ್ನ ಆ ಮೇಣಬತ್ತಿಯನ್ನು ನಮ್ಮ ಮನೆಗೇ ತಂದಳು. ದಿನ ಇಬ್ಬರದೂ ಆಗಿತ್ತಲ್ಲ! ಫ್ಯಾನು ಆರಿಸಿ, ಕಪಾಟಿನಿಂದ ಕಡ್ಡಿಪೆಟ್ಟಿಗೆ ತೆಗೆದು ಹಚ್ಚಿದೆ. ಮೂಗು ಹತ್ತಿರ ಒಯ್ದರೆ ಬೆಚ್ಚಗಿನ ಮೇಣದ ವಾಸನೆ ಇತ್ತೋ ಇಲ್ಲವೋ ಎಂಬಷ್ಟು. ಅದು ಮುಗಿಯುವವರೆಗೂ ಎದುರುಬದುರು ಕೂತಿದ್ದೆವು. ಹಸೀನಾ ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ, ಕರೆಂಟೂ ಹೋಗಲಿಲ್ಲ.