ಒಂದು ಮರಿ ಹೊರಗೆ ಉಳಿದಿತ್ತು

ಶಾಲೆಗಳೆಲ್ಲ ಬಾಗಿಲು ಹಾಕಿದ್ದ ಆ ಮಳೆಗಾಲದಲ್ಲಿ ಶಿಕಾರಿಪುರದ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಊರಿತ್ತು. ಸಂಜನಾ, ಆಗ ನಿನಗೆ ಹದಿಮೂರು. ಚಿನ್ನು, ನಿನಗೆ ಒಂಬತ್ತು. ಆ ಊರು ಹುಟ್ಟಿದ್ದು, ಬೆಳೆದದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದು ಹಾಳಾದದ್ದು ಹೇಗೆ ಅನ್ನುವುದು ಮಾತ್ರ ನನಗೆ ಗೊತ್ತು. ಬಾಯಲ್ಲಿ ಹೇಳಲು ಎಷ್ಟೋ ಸಲ ಹೊರಟು ಸುಮ್ಮನಾಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪ ಮಂಜುವಿನ ಜೆರಾಕ್ಸ್ ಅಂಗಡಿಯೂ ಆಗ ಮುಚ್ಚಿತ್ತು. ಬೀಗ ಹಾಕಿದ ಅಂಗಡಿಯಲ್ಲಿ ಥಂಡಿಗೆ ಕೆಡುತ್ತದೆ ಎಂದು ಅವನು ಕಂಪ್ಯೂಟರನ್ನು ಮನೆಗೆ ತಂದು ನನ್ನ ಹೊಲಿಗೆ ಮಷೀನಿನ ಪಕ್ಕದ ಮೇಜಿನ ಮೇಲೆ ಇಟ್ಟ. ಜೊತೆಗೆ ಕಲ್ಲಿನಷ್ಟು ಭಾರದ ಯುಪಿಎಸ್ ಪೆಟ್ಟಿಗೆ. ಪಹಣಿಗೆ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಟೈಪ್ ಮಾಡಿ ಮಾಡಿ ಅಕ್ಷರ ಸವೆದ ಕೀಲಿಮಣೆ. ಮೂರನೆಯ ದಿನಕ್ಕೆ ಸಂಜನಾ, ನೀನು ಅದರಲ್ಲಿ ಏನೇನೋ ಮಾಡಿ ಸೊರಬ, ಕುಪ್ಪಗಡ್ಡೆ, ತೊಗರ್ಸಿಯ ಕಡೆಯ ಆರು ಮಕ್ಕಳನ್ನು ಒಂದೇ ಆಟದೊಳಗೆ ಸೇರಿಸಿಬಿಟ್ಟೆ. ನೀವಿಬ್ಬರೂ ಸೇರಿ ಎಂಟು ಜನ.

"ಇದೇನೇ ಇದು, ಹಗಲೂ ರಾತ್ರಿ ಗುಂಯ್ ಅಂತಿರ್ತೈತಲ್ಲ?" ಎಂದು ಕೇಳಿದೆ.

"ಇದು ಸರ್ವರ್, ಅಜ್ಜಿ. ಆಟದ ಊರು ನಮ್ಮನೇಲಿರುತ್ತೆ. ಉಳಿದೋರು ಅವರವರ ಫೋನಿಂದ ಬಂದು ಹೋಗ್ತಾರೆ. ಇದನ್ನ ಆರಿಸಿದ್ರೆ ಯಾರಿಗೂ ಊರಿಲ್ಲ."

"ನೀವೆಲ್ಲಾ ಮಲಗಿದಾಗ?"

"ನಾವಿರಲಿ, ಬಿಡಲಿ, ಅಲ್ಲಿ ಹೊತ್ತು ಮುಳುಗುತ್ತೆ, ಬೆಳಗಾಗುತ್ತೆ. ಊರು ಅದರ ಪಾಡಿಗೆ ನಡೀತಾ ಇರುತ್ತೆ."

"ಹಂಗಾದ್ರೆ ನಮ್ಮ ಕುಪ್ಪಗಡ್ಡೆ ಜಗಲಿ ಇದ್ದಂಗೆ ಅನ್ನು" ಅಂದೆ. ನೀನು ನಕ್ಕೆ.

ನಾನು ಹೇಳಿದ್ದು ನಿಜ. ನನ್ನ ತವರುಮನೆಯ ಜಗಲಿಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಉಳಿಯಿಂದ ಕೊರೆದಿದ್ದರು. ಕೇರಿಯ ಮಕ್ಕಳೆಲ್ಲ ಆಟಕ್ಕೆ ಅಲ್ಲಿಗೇ ಬರುತ್ತಿದ್ದರು. ನಾನು ಆಡಿದ್ದು ಕಡಿಮೆ, ಕಂಬದ ಹಿಂದೆ ನಿಂತು ನೋಡಿದ್ದೇ ಹೆಚ್ಚು. ಮಣೆ ಯಾರ ಮನೆಯದೋ ಆ ಮನೆಯವರು ಆಡುವವರನ್ನು ನಡುವೆ ಎಬ್ಬಿಸಬಾರದು, ಕತ್ತಲಾದರೂ ಕೊನೆಯ ಕಾಯಿ ಹಣ್ಣಾಗುವ ತನಕ ಕಾಯಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಾಗೆ ಕಾದು ಅವಳು ಎಷ್ಟೋ ದಿನ ಬಾಗಿಲ ದೀಪ ತಡವಾಗಿ ಹಚ್ಚಿದ್ದುಂಟು.

ನಿಮ್ಮ ಊರು ದಿನದಿನಕ್ಕೆ ಬೆಳೆಯಿತು. ಒಬ್ಬರು ಕೆರೆ ತೋಡಿದರು, ಒಬ್ಬರು ಏರಿ ಹಾಕಿದರು. ಚಿನ್ನು ತನ್ನ ಮನೆಗೆ ಹನ್ನೊಂದು ಬಾಗಿಲು ಇಟ್ಟು ಒಂದರಿಂದಲೂ ಒಳಗೆ ಹೋಗಲಾರದೆ ಕಿರುಚಾಡಿದ. ತೊಗರ್ಸಿಯ ಕಾವೇರಿ ಕುರಿ ಸಾಕಿದಳು. ಅವಳ ಮನೆಯಲ್ಲಿ ನಿಜವಾಗಿಯೂ ಕುರಿಗಳಿದ್ದವು, ಮೈಕಿನಲ್ಲಿ ಅವಳು ಮಾತಾಡುವಾಗ ಹಿಂದಿನಿಂದ ಅವುಗಳ ಕೂಗು ಕೇಳುತ್ತಿತ್ತು. ಮನೆತುಂಬ ಕುರಿ ಇರುವ ಹುಡುಗಿ ಆಟದಲ್ಲೂ ಕುರಿಯನ್ನೇ ಸಾಕುತ್ತಾಳಲ್ಲ ಎಂದು ನನಗೆ ಸೋಜಿಗ.

ಆ ಕೋಣೆಯ ವಾಸನೆ ಈಗಲೂ ನೆನಪಿದೆ. ಬಿಸಿಯಾದ ಯಂತ್ರದ ಧೂಳು, ಒಗ್ಗರಣೆ ಮಂಡಕ್ಕಿ, ಒಣಗದ ಬಟ್ಟೆ. ಯಂತ್ರದ ಮೇಲೆ ಬೆಚ್ಚಗಿರುತ್ತದೆಂದು ಬೆಕ್ಕು ಅಲ್ಲೇ ಮಲಗುತ್ತಿತ್ತು. ಮಂಡಕ್ಕಿ ತಿಂದ ಕೈಯನ್ನು ಲಂಗಕ್ಕೋ ಚಡ್ಡಿಗೋ ಒರೆಸಿಯೇ ನೀವು ಕೀಲಿಮಣೆ ಮುಟ್ಟಬೇಕಿತ್ತು. ಅದು ನಿಮ್ಮಪ್ಪನ ಆಜ್ಞೆ. ಅವನ್ನು ಒಗೆಯುವವಳು ನಾನು.

ಕರೆಂಟಿನದೇ ಚಿಂತೆ. ಅದು ಹೋದ ಮೇಲೆ ಯುಪಿಎಸ್ ಹತ್ತು ನಿಮಿಷ ತಡೆಯುತ್ತಿತ್ತು. ಅಷ್ಟರೊಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿದರೆ ಊರು ತನ್ನಲ್ಲಿರುವುದನ್ನೆಲ್ಲ ಬರೆದಿಟ್ಟುಕೊಂಡು ಮುಚ್ಚಿಕೊಳ್ಳುತ್ತದೆ, ಒತ್ತದೆ ಆರಿದರೆ ಕೆಟ್ಟರೂ ಕೆಡಬಹುದು ಎಂದು ನೀನು ಹೇಳಿದ್ದೆ. ನಿಮಗೆ ಬೆಳಗ್ಗೆ ಫೋನಿನಲ್ಲಿ ಪಾಠ, ನಿಮ್ಮಮ್ಮನಿಗೆ ಆ ಯಂತ್ರ ಕಂಡರೆ ಸಿಟ್ಟು. ಕೊನೆಗೆ ಕಾವಲಿಗೆ ನಾನೇ ಆದೆ.

ಕೀಲಿಮಣೆಯ ಅಕ್ಷರಗಳು ಸವೆದಿದ್ದವು, ಏಳನೆಯ ತರಗತಿಗೆ ಬಿಟ್ಟ ನನ್ನ ಇಂಗ್ಲಿಷೂ ಸವೆದಿತ್ತು. ನೀನು ನನ್ನ ಬೀರು ಹುಡುಕಿ ಹಣೆಗಿಡುವ ಟಿಕ್ಲಿಯ ಪಾಕೀಟು ತಂದೆ. "ಅಜ್ಜಿ, ಇದು ನಿಂಗೆ ಬೇಕಾ?" ಅಂದೆ. ನಿಮ್ಮ ತಾತ ಹೋದಾಗಿನಿಂದ ಅದು ಅಲ್ಲೇ ಇತ್ತು. "ಬೇಡ, ತಗೋ" ಅಂದೆ. ಮೊದಲ ಅಕ್ಷರಕ್ಕೆ ಒಂದು ಟಿಕ್ಲಿ, ಎರಡನೆಯದಕ್ಕೆ ಎರಡು, ಮೂರು, ನಾಲ್ಕು. ಆಮೇಲೆ ಒತ್ತುವ ಅಗಲದ ಕೀಲಿಗೆ ದೊಡ್ಡದೊಂದು.

"ಒತ್ತೋ ಮುಂಚೆ ಮೈಕಲ್ಲಿ ಎಲ್ಲರಿಗೂ ಹೇಳ್ಬೇಕು ಅಜ್ಜಿ."

"ಅದೊಂದು ನನ್ನಿಂದ ಆಗಂಗಿಲ್ಲ ನೋಡು."

"ಮಕ್ಕಳೇ ಅಲ್ವಾ? ನಿನ್ನ ನುಂಗ್ತಾರಾ?"

ಐದಾರು ಸಲ ಕರೆಂಟ್ ಹೋದಾಗ ನೀವು ಯಾರಾದರೊಬ್ಬರು ಓಡಿಬಂದು ಮೈಕಿನಲ್ಲಿ ಕೂಗಿದಿರಿ, ನಾನು ಟಿಕ್ಲಿ ಒತ್ತಿದೆ. ಊರು ಪ್ರತಿ ಸಲವೂ ಇದ್ದ ಹಾಗೇ ತೆರೆದುಕೊಂಡಿತು.

ಸೊರಬದಲ್ಲಿ ನಿಮ್ಮ ಚಿಕ್ಕಮ್ಮನ ಸೀಮಂತ ಬಂತು. ನಾನು ಅಂಥದ್ದಕ್ಕೆ ಹೋಗುವುದಿಲ್ಲ, ಯಾರೂ ಬಾ ಎಂದು ಒತ್ತಾಯಿಸುವುದೂ ಇಲ್ಲ. ಸಂಜನಾ, ನೀನು ಬರುವುದಿಲ್ಲ ಎಂದು ಹಟ ಮಾಡಿದೆ. ಅವತ್ತು ಎಲ್ಲರೂ ಸೇರಿ ಕೆರೆಗೆ ನೀರು ಬಿಡುವುದಿತ್ತಂತೆ. "ಅಜ್ಜಿ ಇದಾರಲ್ಲ, ನಡಿ" ಎಂದು ನಿಮ್ಮಮ್ಮ ಎಳೆದುಕೊಂಡೇ ಹೋದಳು.

ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಯುಪಿಎಸ್ ಕುಂಯ್ ಅಂದಿತು. ಕೈ ಒರೆಸಿಕೊಂಡು ಬಂದೆ. ಆಗ ಐದು ಮಕ್ಕಳು ಒಳಗಿದ್ದರು.

"ಏ ಸಂಜನಾ, ಕರೆಂಟ್ ಹೋಯ್ತೇನೇ? ಇಲ್ಲಿದೀಯಾ?" ಎಂದು ಒಬ್ಬ ಹುಡುಗ ಕೂಗುತ್ತಿದ್ದ.

ಟಿಕ್ಲಿ ಒತ್ತಿಬಿಡಲೇ ಅನ್ನಿಸಿತು. ಹೇಳದೆ ಹಾಗೆ ಎಬ್ಬಿಸುವುದು ಸರಿಯಲ್ಲ. ಮೈಕಿನ ಗುಂಡಿ ಅದುಮಿದೆ. 

"ಸಂಜನಾ ಇಲ್ಲಪ್ಪಾ. ಸೊರಬಕ್ಕೆ ಹೋಗ್ಯಾಳೆ. ನಾನು ಅವಳ ಅಜ್ಜಿ."

 "ಅಯ್ಯೋ, ಸಂಜನಾ ಹೇಳ್ತಿದ್ದ ಸರ್ವರ್ ಅಜ್ಜಿ ಕಣ್ರೋ!" ಎಂದು ಒಬ್ಬಳು ಕಿರುಚಿದಳು. "ಅಜ್ಜಿ, ಊಟ ಆಯ್ತಾ?" "ಅಜ್ಜಿ, ಬೆಕ್ಕು ಎಲ್ಲೈತಿ?" ಎಲ್ಲರೂ ಒಟ್ಟಿಗೆ ಶುರು ಮಾಡಿದರು.

"ಊಟ ಆಯ್ತು. ಕರೆಂಟ್ ಹೋಗೈತಿ. ಆಟ ಸಾಕು, ಎಲ್ಲಾರೂ ಮನೆಗೆ ನಡೀರಿ."

"ನಾವು ಮನೇಲೇ ಇದೀವಲ್ಲ ಅಜ್ಜಿ!"

ನನಗೂ ನಗು ಬಂತು. ಹೋಗಿ ಬರ್ತೀನಿ ಅಜ್ಜಿ, ಬರ್ತೀನಿ ಅಜ್ಜಿ ಎನ್ನುತ್ತ ಒಬ್ಬೊಬ್ಬರೇ ಹೋದರು. ಪರದೆಯ ಮೇಲಿನ ಹೆಸರಿನ ಸಾಲು ಇಳಿಯುತ್ತ ಬಂತು. ಇನ್ನೂ ಏಳೆಂಟು ನಿಮಿಷವಿತ್ತು. ಬೆರಳನ್ನು ಒಂದು ಟಿಕ್ಲಿಯ ಕೀಲಿಯ ಮೇಲೆ ಇಟ್ಟೆ.

"ಅಜ್ಜೀ, ತಡೀರಿ! ನಾನು ಕಾವೇರಿ ರೀ, ತೊಗರ್ಸಿಯಿಂದ. ನನ್ನ ಕುರಿ ಹೊರಗದಾವೆ."

"ಎಷ್ಟು?"

"ಹದಿನಾಲ್ಕರಾಗೆ ಮೂರು. ಇಲ್ಲಿ ಹೊತ್ತು ಮುಳುಗ್ತೈತಿ ಅಜ್ಜಿ, ತೋಳ ಬರ್ತಾವೆ. ಎರಡೇ ನಿಮಿಷ ರೀ."

ನಾವಿರಲಿ, ಬಿಡಲಿ, ಅಲ್ಲಿ ಹೊತ್ತು ಮುಳುಗುತ್ತದೆ ಎಂದು ನೀನು ಹೇಳಿದ್ದೆ. ಕೀಲಿ ಒತ್ತಿ ನಾವು ಎದ್ದು ಹೋದರೆ ರಾತ್ರಿ ಆ ಮೂರು ಕುರಿಗಳ ಗತಿ? ಒಬ್ಬರ ಕುರಿಯನ್ನು ಹೊರಗೆ ಬಿಟ್ಟು ಯಾರಾದರೂ ಹಟ್ಟಿಯ ಬಾಗಿಲು ಹಾಕುತ್ತಾರೆಯೇ?

"ಬೇಗ ಒಳಗೆ ಕೂಡು" ಅಂದೆ.

ಎರಡು ಕುರಿ ಒಳಗೆ ಬಂದವು. ಒಂದು ಮರಿ ಉಳಿಯಿತು.

"ತಾಯಿನ ಮುಂದೆ ಬಿಡು, ಮರಿ ಹಿಂದೆ ಬರ್ತೈತಿ."

"ಇಲ್ಲಿ ಹಂಗೆ ಬರಂಗಿಲ್ಲ ಅಜ್ಜಿ. ಗೋಧಿ ತೋರಿಸ್ಬೇಕು."

"ಹಂಗಾದ್ರೆ ತೋರಿಸು."

"ಗೋಧಿ ಮುಗಿದೈತಿ. ಹೊಲಕ್ಕೆ ಹೋಗಿ ಕಿತ್ಕೊಂಡು ಬರ್ತೀನಿ."

"ಹೊಲ ಎಷ್ಟು ದೂರ?"

"ಕೆರೆ ಆಚೆ ರೀ."

ಯುಪಿಎಸ್ ಉಸಿರು ಬಿಡದೆ ಕೂಗತೊಡಗಿತು. ನಾನು ಬೆರಳನ್ನು ಅಲ್ಲೇ ಇಟ್ಟುಕೊಂಡು, "ಬಂದ್ಯಾ? ಬಂದ್ಯಾ?" ಎಂದು ಕೇಳುತ್ತಿದ್ದೆ. "ಬರ್ತಾ ಐತಿ ಅಜ್ಜಿ, ಹಿಂದೆ ಬರ್ತಾ ಐತಿ, ಬಾಗಿಲ ತನಕ..." ಅಷ್ಟರಲ್ಲಿ ಪರದೆ ಕಪ್ಪಾಯಿತು. ಕೋಣೆಯಲ್ಲಿ ಗುಂಯ್ ಸದ್ದೂ ಇಲ್ಲ. ಬೆಕ್ಕು ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಸಂಜೆ ಬಂದವಳೇ ನೀನು ಕೇಳಿದೆ. "ಅಜ್ಜಿ, ಟೈಪ್ ಮಾಡಿದ್ಯಾ?"

"ಅಷ್ಟರಲ್ಲಿ ಆರಿತು ಕಣೇ" ಅಂದೆ.

ಅದು ಸುಳ್ಳಲ್ಲ. ಆದರೆ ನಿಜವನ್ನೆಲ್ಲ ಹೇಳಲಿಲ್ಲ. ಬ್ಯಾಟರಿ ಹಳೆಯದು, ಅದನ್ನು ನಂಬಿದ್ದೇ ತಪ್ಪು ಎಂದು ನಿಮ್ಮಪ್ಪ ಗೊಣಗಿದ. ಊರು ತೆರೆಯಲಿಲ್ಲ. ನೀನು ಒಂದು ವಾರ ಊಟ ನಿದ್ದೆ ಬಿಟ್ಟು ಅದರ ಮುಂದೆ ಕೂತೆ. ಪೆನ್‌ಡ್ರೈವಿನಲ್ಲಿದ್ದ ನಕಲು ಊರಿನ ಮೊದಲ ವಾರದ್ದು. ಅದರಲ್ಲಿ ಇದ್ದದ್ದು ಅರ್ಧ ತೋಡಿದ ಕೆರೆಗುಂಡಿ ಮತ್ತು ಒಂದು ಗೋಡೆ. ಮಕ್ಕಳೆಲ್ಲ ಒಂದು ದಿನ ಬಂದು ಗುಂಡಿಯ ಸುತ್ತ ತಿರುಗಿ ಹೋದರು. ಕಾವೇರಿಯೂ ಬಂದಿದ್ದಳು. ಅವಳೂ ಏನೂ ಹೇಳಲಿಲ್ಲ.

"ನಾನು ಅವತ್ತು ಸೀಮಂತಕ್ಕೆ ಹೋಗಬಾರದಿತ್ತು" ಎಂದು ನೀನು ನಿಮ್ಮಮ್ಮನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿತು. ನಾನು ರೊಟ್ಟಿ ತಟ್ಟುತ್ತಿದ್ದೆ. ಆಗಲೇ ಎದ್ದು ಬಂದು ಹೇಳಬೇಕಿತ್ತು. ತಟ್ಟುತ್ತಲೇ ಇದ್ದೆ.

ದಸರೆಗೆ ಮುಂಚೆ ಅಂಗಡಿ ತೆರೆಯಿತು. ಕಂಪ್ಯೂಟರ್ ವಾಪಸು ಹೋಯಿತು. ಟಿಕ್ಲಿಗಳನ್ನು ನೀನೇ ಉಗುರಿನಿಂದ ಕಿತ್ತೆ.

ಒಂದೆರಡು ವರ್ಷದ ಮೇಲೆ, ಮಾತಿನ ನಡುವೆ ಚಿನ್ನು ಹೇಳಿದ, ಸರ್ವರ್ ನಿಲ್ಲಿಸಿದರೆ ಆಟದಲ್ಲಿ ಹೊತ್ತೂ ನಿಲ್ಲುತ್ತದೆ, ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ ಎಂದು. ಹಾಗಾದರೆ ತೋಳವೂ ನಿಲ್ಲುತ್ತಿತ್ತು. ನಾನು ಕೀಲಿ ಒತ್ತಿದ್ದರೆ ಮರಿಗೆ ಏನೂ ಆಗುತ್ತಿರಲಿಲ್ಲ, ಊರೂ ಉಳಿಯುತ್ತಿತ್ತು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಿಮ್ಮಪ್ಪ ಊಟಕ್ಕೆ ಬಂದಾಗ ಅಂಗಡಿಯಲ್ಲಿ ನಾನು ಕೂರುತ್ತೇನೆ. ಹೋದ ತಿಂಗಳು ಒಬ್ಬಳು ಎತ್ತರದ ಹುಡುಗಿ ವಿದ್ಯಾರ್ಥಿವೇತನದ ಕಾಗದ ಹಿಡಿದು ಬಂದಳು. "ಎರಡು ಜೆರಾಕ್ಸ್ ರೀ" ಅಂದಳು. ಅವಳ ಮುಖ ನಾನು ಮೊದಲು ನೋಡಿರಲಿಲ್ಲ, ದನಿಯಿಂದ ಗುರುತು ಸಿಕ್ಕಿತು.

"ತೊಗರ್ಸಿ ಕಾವೇರಿನಾ?"

ಅವಳು ಕಣ್ಣರಳಿಸಿದಳು. "ಸರ್ವರ್ ಅಜ್ಜಿ!"

ಜೆರಾಕ್ಸ್ ಮಾಡಿ ಕೊಟ್ಟೆ. ಅವಳು ಹೊರಡುವ ಹೊತ್ತಿಗೆ ಕೇಳಿಯೇಬಿಟ್ಟೆ. "ಆ ಮರಿ ಒಳಗೆ ಬಂತಾ?"

"ಬಂತು ಅಜ್ಜಿ. ಬಾಗಿಲೂ ಹಾಕಿದ್ದೆ. ನಿಮಗೆ ಹೇಳೋದ್ರಾಗೆ ಎಲ್ಲಾ ಹೋಯ್ತು." ಕಾಗದ ಮಡಚುತ್ತ ತಲೆ ತಗ್ಗಿಸಿದಳು. "ನಿಲ್ಲಿಸಿದ್ರೆ ತೋಳನೂ ನಿಲ್ತೈತಿ ಅಂತ ನಂಗೆ ಗೊತ್ತಿತ್ತು ಅಜ್ಜಿ. ಆದ್ರೂ ಹೊರಗೆ ಬಿಟ್ಟು ಏಳೋಕೆ ಮನಸ್ಸು ಬರಲಿಲ್ಲ. ಸಂಜನಾಗೆ ಹೇಳೋಕೂ ಹೆದರಿಕೆ."

ಈಗ ನೀವಿಬ್ಬರೂ ಆಡುವ ಆಟಗಳು ಎಲ್ಲೋ ದೂರದ ಯಂತ್ರದಲ್ಲಿರುತ್ತವಂತೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಅವು ನಿಲ್ಲುವುದಿಲ್ಲ, ಯಾರೂ ಕಾಯಬೇಕಿಲ್ಲ. ಒಳ್ಳೆಯದೇ. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಿಂದ ಮಾತೂ ಕಿವಿಯೊಳಗೇ ಮುಗಿಯುತ್ತದೆ, ಹೊರಗೆ ಕೇಳುವುದಿಲ್ಲ. ನಡುಕೋಣೆಯ ಆ ಮೇಜಿನ ಮೇಲೆ ಈಗ ಇಸ್ತ್ರಿ ಬಟ್ಟೆ ಇಡುತ್ತೇವೆ. ಒಂದು ಮಳೆಗಾಲ ಪೂರ್ತಿ ಅಲ್ಲಿಂದ ಮಕ್ಕಳ ಗಲಾಟೆ ಬರುತ್ತಿತ್ತು, ಒಂದು ಮಧ್ಯಾಹ್ನ ಅವರೆಲ್ಲ ನನಗೆ ಹೇಳಿ ಹೋಗಿದ್ದರು. ಬೆಕ್ಕೂ ಈಗಿಲ್ಲ.

ಯುಗಾದಿಯ ದಿನ ಚಿನ್ನು ಮತ್ತೆ ಮನೆಯಲ್ಲೇ ಸರ್ವರ್ ಇಡೋಣ ಎಂದಾಗ ಸಂಜನಾ, ನೀನು "ಬೇಡ ಕಣೋ, ನನ್ನ ಕೈಲಿ ಉಳಿಯಲ್ಲ" ಅಂದೆ. ಅದನ್ನು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನೀನು ಸೀಮಂತಕ್ಕೆ ಹೋದದ್ದು ತಪ್ಪಲ್ಲ, ಬ್ಯಾಟರಿಯದೂ ತಪ್ಪಲ್ಲ. ನನಗೆ ಹತ್ತು ನಿಮಿಷವಿತ್ತು. ನಿನ್ನ ಊರು ಹೋದದ್ದು ನನ್ನಿಂದ.

ಅದು ಹೋಗುವಾಗ ಹದಿನಾಲ್ಕು ಕುರಿಯೂ ಒಳಗಿದ್ದವು.