ಲಿಫ್ಟತ್ತೆ ಬೈಬಲ್ ಓದುವ ರೀತಿ

ನಮ್ಮ ಕಟ್ಟಡದ ಲಿಫ್ಟು ನಡೆಸುವ ಲಿಫ್ಟತ್ತೆಯನ್ನು ಬಟ್ಟೆಯ ಹಾಗೆ ಅಂಗಡಿಯ ಹಲಗೆಯ ಮೇಲೆ ಹಾಸಿ ನೋಡಿದರೆ ಮೊದಲ ನೋಟಕ್ಕೆ ಯಾವ ವ್ಯಾಪಾರಿಯೂ ಕೈ ಹಾಕುವ ಸರಕಲ್ಲ. ಅಗಲ ಕಡಿಮೆ, ಉದ್ದ ಇನ್ನೂ ಕಡಿಮೆ, ಅಂಚು ಒರಟು, ಬಣ್ಣ ಬಹಳ ಒಗೆತ ಕಂಡಿದೆ. ಕನ್ನಡಕದ ಒಂದು ಕಾಲಿಗೆ ದಾರ. ಸ್ವೆಟರಿನ ಮೊಣಕೈಗೆ ಬೇರೆ ಬಣ್ಣದ ಉಣ್ಣೆ. ಆದರೆ ಬೆಳಕಿಗೆ ಹಿಡಿದು ನೋಡಿ, ಎಲ್ಲಿಯೂ ನೂಲು ಬಿಟ್ಟಿಲ್ಲ. ಪರದೆ ಬಟ್ಟೆ ಮಾರುತ್ತಲೇ ತಲೆ ನರೆಸಿಕೊಂಡ ನಾನು ಇಂಥ ಸರಕನ್ನು ಕಂಡರೆ ಬಾಯಿ ಮುಚ್ಚಿಕೊಂಡು ಒಮ್ಮೆ ಮುಟ್ಟಿ ನೋಡುತ್ತೇನೆ. ಮಾಸಬಹುದು, ಹರಿಯುವುದಿಲ್ಲ. ನಾಲಿಗೆ ಮಾತ್ರ ಹೊಚ್ಚ ಹೊಸದು, ದಿನಾ ಸಾಣೆ ಹಿಡಿದಂತಿರುತ್ತದೆ.

ನಮ್ಮ ಕಟ್ಟಡದ ಲಿಫ್ಟು ಆಕೆಗಿಂತ ಹಳೆಯದು. ಮಡಚುವ ಕಬ್ಬಿಣದ ಜಾಲರಿ, ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಆಕೆಯ ಮರದ ಸ್ಟೂಲು. ಹಿಡಿಯನ್ನು ಎಷ್ಟು ತಿರುಗಿಸಿದರೆ ಪೆಟ್ಟಿಗೆ ನೆಲದ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆಂಬುದು ಆಕೆಯ ಮಣಿಕಟ್ಟಿಗೆ ಗೊತ್ತು. ಹಾಗಾಗಿ ಮಾಲೀಕರು ಹೊಸ ಲಿಫ್ಟಿನ ಮಾತೆತ್ತಿದಾಗಲೆಲ್ಲ ನಾವು ಅಂಗಡಿಯವರು ಕೆಮ್ಮಿ ಬೇರೆ ವಿಷಯ ತೆಗೆಯುತ್ತೇವೆ. ಕೆಳಗೆ ಪಾತ್ರೆ ಅಂಗಡಿ, ಅದರ ಮೇಲೆ ಚಪ್ಪಲಿ, ಅದರ ಮೇಲೆ ಹಲ್ಲಿನ ಡಾಕ್ಟರು, ಆಮೇಲೆ ನನ್ನ ಪರದೆ ಅಂಗಡಿ, ನನ್ನ ತಲೆಯ ಮೇಲೆ ವಕೀಲರು. ಕಟ್ಟಕಡೆಯ ಮಹಡಿಯಲ್ಲಿ ಏನು ನಡೆಯುತ್ತದೆಂದು ಅಲ್ಲಿ ಕೆಲಸ ಮಾಡುವವರಿಗೂ ಖಚಿತವಿಲ್ಲ.

ಗಂಟೆ ಬಾರಿಸದ ಹೊತ್ತಿನಲ್ಲಿ ಆಕೆ ಓದುತ್ತಾಳೆ. ಓದುವುದು ಒಂದೇ ಪುಸ್ತಕ, ಬೈಬಲ್. ಯಾರೋ ಲಿಫ್ಟಿನಲ್ಲಿ ಮರೆತು ಹೋದದ್ದು. ಮರೆತ ಕೊಡೆ, ಮರೆತ ಟೊಪ್ಪಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಆಕೆ ಎತ್ತಿಟ್ಟು ವಾರಸುದಾರರಿಗೆ ಕೊಟ್ಟವಳೇ. ಈ ಪುಸ್ತಕವನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ.

"ಒಳಗೆ ಹೆಸರು ಬರೆದಿರ್ತಾರೇನೋ ಅಂತ ತೆರೆದೆ," ಎಂದು ಆಕೆ ಒಮ್ಮೆ ನನಗೆ ಹೇಳಿದ್ದಳು. "ತೆರೆದ ಪುಟದ ತುಂಬ ಹೆಸರೇ! ಇವನ ಮಗ ಅವನು, ಅವನ ಮಗ ಇನ್ನೊಬ್ಬ. ಇಷ್ಟು ಜನರಲ್ಲಿ ನಾನು ಯಾರನ್ನ ಅಂತ ಹುಡುಕಲಿ?"

"ಆಮೇಲೆ?"

"ಆಮೇಲೇನು, ಇವರೆಲ್ಲ ಯಾರು, ಏನು ಮಾಡಿದ್ರು ಅಂತ ಕುತೂಹಲ ಆಯ್ತು. ಪಕ್ಕದ ಮನೆಯವರ ವಿಷಯ ಅಂದ್ರೆ ನನಗೆ ಮೊದಲಿಂದಲೂ ಅಷ್ಟೇ."

ಭಕ್ತಿಯಿಂದ ಬೈಬಲ್ ಹಿಡಿದವರನ್ನು ಕಂಡಿದ್ದೇನೆ, ಭಯದಿಂದ ಹಿಡಿದವರನ್ನೂ ಕಂಡಿದ್ದೇನೆ. ಪಕ್ಕದ ಮನೆಯ ಸುದ್ದಿಗೆಂದು ಹಿಡಿದವಳು ಇವಳೊಬ್ಬಳೇ. ನಾನೋ, ಚರ್ಚಿನಲ್ಲಿ ಹಿಂದಿನ ಬೆಂಚಿನ ಗಿರಾಕಿ. ಆರಾಧನೆ ಮುಗಿಯುವ ಮುಂಚೆ ಬಾಗಿಲ ಹತ್ತಿರ ಜಾಗ ಹಿಡಿಯುವವನು. "ಏನತ್ತೆ, ದೇವರು ಎಷ್ಟನೇ ಮಹಡಿ?" ಎಂದು ರೇಗಿಸಿದರೆ, "ನಿನ್ನ ಮಹಡಿಯಲ್ಲಂತೂ ಇಳಿಯಲ್ಲ, ಅಲ್ಲಿ ಅಳತೆ ಸರಿ ಇಲ್ಲ," ಎನ್ನುತ್ತಿದ್ದಳು. ಲಿಫ್ಟಿನಲ್ಲಿ ನನ್ನ ಗಿರಾಕಿಗಳಿದ್ದರೂ ಹೀಗೇ.

ಇಷ್ಟರಲ್ಲಿ ನನ್ನ ಅಕ್ಕ ನಮ್ಮ ಮನೆಗೆ ಬಂದಳು. ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ನಾನು, ನನ್ನ ಹೆಂಡತಿ ಹೋಗಿ ಕರೆತಂದೆವು. ಒಂದು ಪೆಟ್ಟಿಗೆ ಬಟ್ಟೆ, ಒಂದು ಹೊಲಿಗೆ ಯಂತ್ರ, ಭಾವನ ಬೈಬಲ್. ಅವಳು ತಂದದ್ದು ಇಷ್ಟೇ.

ಭಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಾತು ಕಡಿಮೆ. ಆದರೆ ಸಂಜೆ ದೀಪ ಹಾಕಿದ ಮೇಲೆ ಅಕ್ಕನಿಗೆ ಬೈಬಲ್ ಓದಿ ಹೇಳುತ್ತಿದ್ದರು. ಅವಳು ಗುಂಡಿ ಹೊಲಿಯುತ್ತಲೋ ತರಕಾರಿ ಹೆಚ್ಚುತ್ತಲೋ ಕೇಳುವಳು. ಅಷ್ಟು ವರ್ಷ ಅವರ ಮನೆಯಲ್ಲಿ ಆ ಹೊತ್ತು ತಪ್ಪಿರಲಿಲ್ಲ. ಈಗ ಓದುವವರು ಹೋದರು. ತಾನೇ ಓದಿಕೊಂಡು ಆ ಹೊತ್ತನ್ನು ಉಳಿಸಿಕೊಳ್ಳುತ್ತೇನೆಂದು ಅಕ್ಕ ಹಟ ಹಿಡಿದಳು.

ನನ್ನ ಅಕ್ಕನ ಸ್ವಭಾವ ಹೇಳಬೇಕು. ಒಂದು ಡಬ್ಬಿ ಪೂರ್ತಿ ಖಾಲಿಯಾಗದೆ ಇನ್ನೊಂದರ ಮುಚ್ಚಳ ತೆಗೆಯುವವಳಲ್ಲ. ಹಾಗೆಯೇ ಮೊದಲ ಪುಟದ ಮೊದಲ ಅಕ್ಷರದಿಂದ ಶುರು ಮಾಡಿದಳು. ಸೃಷ್ಟಿ, ಜಲಪ್ರಳಯ, ಅಣ್ಣತಮ್ಮಂದಿರ ಜಗಳ, ಅಲ್ಲಿಯವರೆಗೆ ಚೆನ್ನಾಗಿಯೇ ಸಾಗಿತು. ಆಮೇಲೆ ಒಂದು ಸಂಜೆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದಳು.

"ಇದೇನೋ ಇದು? ಪರದೆ ಇಷ್ಟು ಉದ್ದ, ಇಷ್ಟು ಅಗಲ, ಕುಣಿಕೆ ಇಷ್ಟು, ಕೊಂಡಿ ಇಷ್ಟು ಅಂತಿದೆ. ನಿನ್ನ ಅಂಗಡಿ ಆರ್ಡರ್ ಥರ."

ನಾನು ಇಸಿದುಕೊಂಡು ಓದಿದೆ. ದೇವರ ಗುಡಾರಕ್ಕೆ ಹೊಲಿಸಬೇಕಾದ ಪರದೆಗಳ ವಿವರ! ನಾರುಬಟ್ಟೆ ಎಂಥದಿರಬೇಕು, ಬಣ್ಣ ಯಾವುವು, ಒಂದಕ್ಕೊಂದು ಹೇಗೆ ಜೋಡಿಸಬೇಕು, ಎಲ್ಲ ಚಾಚೂ ತಪ್ಪದೆ ಇದೆ. ಇಡೀ ಬೈಬಲಿನಲ್ಲಿ ನನಗೆ ಪೂರ್ತಿ ಅರ್ಥವಾದ ಭಾಗ ಅದೊಂದೇ. ಹುರುಪೇರಿ, ಕುಣಿಕೆಯನ್ನು ಅಂಚಿನಿಂದ ಎಷ್ಟು ಒಳಗೆ ಇಡಬೇಕೆಂದು ನನ್ನ ಅಭಿಪ್ರಾಯವನ್ನೂ ಸೇರಿಸಿ ಅಕ್ಕನಿಗೆ ವಿವರಿಸಿದೆ. ಅವಳು ಅರ್ಧಕ್ಕೇ ಪುಸ್ತಕ ಕಿತ್ತುಕೊಂಡು ಒಳಗೆ ಹೋದಳು.

ಮುಂದೆ ಬಲಿಯ ಪ್ರಾಣಿಗಳ ಮೂತ್ರಪಿಂಡ, ಕೊಬ್ಬು, ಚರ್ಮದ ಮಚ್ಚೆಗಳ ನಿಯಮ ಬಂದವು. ಅಕ್ಕ ಒಂದೇ ಪುಟವನ್ನು ಸಂಜೆಯಿಂದ ಸಂಜೆಗೆ ಓದತೊಡಗಿದಳು. ನನ್ನ ಹೆಂಡತಿ, "ಅತ್ತಿಗೆ, ಅದನ್ನ ಬಿಟ್ಟು ಮುಂದೆ ಹೋಗಿ," ಎಂದರೆ, "ನಮ್ಮ ಯಜಮಾನ್ರು ಓದಿದಾಗ ಎಲ್ಲ ಅರ್ಥ ಆಗ್ತಿತ್ತು. ಈಗ ಆಗ್ತಿಲ್ಲ ಅಂದ್ರೆ ನನ್ನ ತಲೆಯೇ ಮರ," ಎಂದಳು. ಆಮೇಲೆ ದೀಪ ಹಾಕಿದ ಕೂಡಲೇ ಹಾಸಿಗೆ ಸೇರಲು ಶುರು ಮಾಡಿದಳು. ಕೊನೆಗೆ ಒಂದು ಬೆಳಿಗ್ಗೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, "ಚರ್ಚಿನ ಕಪಾಟಿಗೆ ಕೊಟ್ಟುಬಿಡ್ತೀನಿ. ಅರ್ಥ ಆಗೋರು ಓದ್ಕೊಳ್ಳಲಿ," ಎಂದು ಚಪ್ಪಲಿ ಮೆಟ್ಟಿದಳು.

ಆ ಪುಸ್ತಕ ಕಪಾಟು ಸೇರಿದರೆ ಭಾವನ ಜೊತೆಗಿನ ಸಂಜೆಯೂ ಅಲ್ಲೇ ಸೇರುತ್ತದೆ, ಅಕ್ಕನಿಗೆ ಉಳಿಯುವುದು ಅಡುಗೆಮನೆ ಮತ್ತು ಹಾಸಿಗೆ ಎಂಬುದು ನನಗೆ ಕಾಣುತ್ತಿತ್ತು. ವ್ಯಾಪಾರಿ ಮಾತು ಸಿಗದಾಗ ಮಾಡುವುದನ್ನೇ ಮಾಡಿದೆ, ಹೊತ್ತು ತಳ್ಳಿದೆ. "ಹೇಗೂ ದಾರಿಯಲ್ಲೇ ಅಂಗಡಿ. ಹೊಸ ಬಟ್ಟೆ ಬಂದಿದೆ, ನೋಡಿ ಹೋಗು," ಎಂದೆ.

ಲಿಫ್ಟು ಹತ್ತಿದೆವು. ಲಿಫ್ಟತ್ತೆ ಜಾಲರಿ ಎಳೆಯುತ್ತ ಅಕ್ಕನ ಕೈಯಲ್ಲಿದ್ದ ಗಂಟಿನ ಮೇಲೆ ಕಣ್ಣು ಹಾಕಿದಳು. ಬಟ್ಟೆಯಿಂದ ಮೂಲೆಯೊಂದು ಇಣುಕುತ್ತಿತ್ತು.

"ಬೈಬಲ್ ತಾನೆ? ಎಲ್ಲಿಗೆ ಸವಾರಿ?"

"ಚರ್ಚಿಗೆ ಕೊಡೋಕೆ," ಎಂದಳು ಅಕ್ಕ. "ನನಗೆ ಅರ್ಥ ಆಗಲ್ಲ."

"ಯಾವುದು ಅರ್ಥ ಆಗಲ್ಲ?"

"ಯಾವುದೂ."

"ಅಬ್ಬ! ಪೂರ್ತಿ ಅರ್ಥ ಆಗದೇ ಇರೋಕೆ ಪೂರ್ತಿ ಓದಿರಬೇಕಲ್ಲಮ್ಮ. ಕೊಡಿ ಇಲ್ಲಿ."

ಅಕ್ಕ ಕೊಟ್ಟಳು. ಈಕೆ ಪುಸ್ತಕ ತೆರೆಯಲಿಲ್ಲ. ಮುಚ್ಚಿದ್ದ ಹಾಗೆಯೇ ಅಡ್ಡ ತಿರುಗಿಸಿ ಹಾಳೆಗಳ ಅಂಚನ್ನು ದೀಪಕ್ಕೆ ಹಿಡಿದಳು, ನಾನು ಬಟ್ಟೆ ಥಾನಿನ ಮಡಿಕೆ ನೋಡುವ ಹಾಗೆ. ಆಮೇಲೆ ನಕ್ಕಳು.

"ಈ ಗುಂಡಿಗಳನ್ನ ನೋಡಿ," ಎಂದು, ಎಲ್ಲಿ ಇಳಿಯಬೇಕೆಂದು ಆಕೆಗೆ ತಿಳಿಸಲು ಹತ್ತಿದವರು ಒತ್ತುವ ಗೋಡೆಯ ಮೇಲಿನ ಮಹಡಿ ಗುಂಡಿಗಳನ್ನು ತೋರಿಸಿದಳು. "ಹಲ್ಲಿನ ಡಾಕ್ಟರದ್ದು ಅಂಕಿಯೇ ಅಳಿಸಿ ಹೋಗಿದೆ. ಕೊನೇದು ಹೊಸದರ ಹಾಗೆ ಹೊಳೀತಿದೆ. ಯಾರು ಎಲ್ಲಿ ಇಳೀತಾರೆ ಅಂತ ನಾನು ಕೇಳಬೇಕಾ? ಈಗ ಇದನ್ನ ನೋಡಿ. ಇಲ್ಲಿ ನಡುವೆ ಬೆರಳು ತಾಗಿ ತಾಗಿ ಕಪ್ಪು. ಇಲ್ಲಿ ಹಿಂದುಗಡೆ ಇನ್ನೊಂದು ಕಪ್ಪು. ಮಿಕ್ಕಿದ್ದೆಲ್ಲ ಬಂಗಾರದ ಬಣ್ಣ ಹಾಗೇ ಇದೆ. ಈ ಪುಸ್ತಕದವರು ಎಲ್ಲ ಮಹಡೀಲೂ ಇಳಿದವರಲ್ಲ."

ಅಕ್ಕ ಪುಸ್ತಕ ಕಸಿದುಕೊಂಡು ಮೂತ್ರಪಿಂಡದ ಪುಟಗಳ ಮುಂದಕ್ಕೆ ತೆರೆದಳು. ಬಂಗಾರದ ಅಂಚಿಗೆ ಅಂಟಿಕೊಂಡಿದ್ದ ಹಾಳೆಗಳು ಚರಚರ ಬಿಟ್ಟವು. ಅಚ್ಚಾದ ದಿನದಿಂದ ಅವನ್ನು ಯಾರೂ ಬಿಡಿಸಿರಲಿಲ್ಲ.

"ಹಾರಿಸ್ತಿದ್ರಾ?" ಅಕ್ಕನ ದನಿ ಏರಿತು. "ನನ್ನ ಮುಂದೆ ಕೂತು ಹಾರಿಸ್ತಿದ್ರಾ! ಎಲ್ಲ ಓದಿದ್ದೀವಿ ಅಂದ್ಕೊಂಡಿದ್ದೆ ನಾನು!"

ಕೆಲಸ ಕೆಟ್ಟಿತು ಎಂದುಕೊಂಡೆ. ಪುಸ್ತಕ ಹೋಗುವುದು ಸಾಲದೆಂದು ಈಗ ಭಾವನ ಮೇಲೂ ಕೋಪ. ಲಿಫ್ಟತ್ತೆಗೆ ಕಣ್ಸನ್ನೆ ಮಾಡಿದೆ, ಮಾತು ನಿಲ್ಲಿಸು ಎಂದು. ಆಕೆ ಲಿಫ್ಟನ್ನು ನಿಲ್ಲಿಸಿದಳು, ಎರಡು ಮಹಡಿಗಳ ನಡುವೆ.

"ಹಾರಿಸಿದ್ರು ಅಂತ ಯಾಕಮ್ಮ ಅಂತೀರ? ಆರಿಸಿದ್ರು ಅನ್ನಿ. ಇದು ಒಂದು ಪುಸ್ತಕ ಅಲ್ಲ. ರಟ್ಟು ಒಂದೇ, ಒಳಗೆ ಬೇಕಾದಷ್ಟು ಪುಸ್ತಕ ಇವೆ, ನಮ್ಮ ಬಿಲ್ಡಿಂಗ್ ಥರ. ಒಂದು ಕಡೆ ಕಾನೂನು, ಒಂದು ಕಡೆ ಹಾಡು, ಒಂದು ಕಡೆ ಊರಿಂದೂರಿಗೆ ಬರೆದ ಕಾಗದ. ಚಪ್ಪಲಿ ಬೇಕಾದೋರು ವಕೀಲರ ಹತ್ತಿರ ಹೋಗಿ ನನ್ನ ಕಾಲಿನ ಸೈಜ್ ಇಲ್ವಾ ಅಂದ್ರೆ ವಕೀಲರ ತಪ್ಪಾ?"

"ಹಾಗಾದ್ರೆ ಈ ಕೊಬ್ಬು, ಮಚ್ಚೆ ಎಲ್ಲ ಯಾಕಿದೆ?"

"ಅದು ಅವತ್ತಿನೋರಿಗೆ ಯಾಕೆ ಬೇಕಿತ್ತು ಅಂತ ಗೊತ್ತಿರೋರನ್ನ ಕೇಳಿಕೊಂಡು ಒಂದು ದಿನ ಹೋಗಿ. ಕೊನೇ ಪುಸ್ತಕ ಇದೆಯಲ್ಲ, ಮೃಗ, ಕೊಂಬು, ತುತೂರಿ, ಆ ಮಹಡಿಗೆ ನಾನೂ ಒಬ್ಬಳೇ ಹೋಗಲ್ಲ. ಪಾದ್ರಿಗಳನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ. ಅವರೂ ಅಲ್ಲಿ ಸ್ವಲ್ಪ ಗೋಡೆ ಹಿಡ್ಕೊಂಡೇ ನಡೆಯೋದು, ಅವರೇ ಹೇಳಿದ್ದು. ಬನ್ನಿ, ಕೂತ್ಕೊಳ್ಳಿ. ಈ ಕಪ್ಪಾಗಿರೋ ಕಡೆ ತೆಗೀರಿ. ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದ್ರೆ ಅರ್ಧ ನಿದ್ದೆ ತಿನ್ನುತ್ತೆ."

ಅಕ್ಕನಿಗೆ ಸ್ಟೂಲು ಸಿಕ್ಕಿತು. ಲಿಫ್ಟತ್ತೆ ತನ್ನ ಸ್ಟೂಲನ್ನು ಬಿಟ್ಟುಕೊಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕ ನಡುವಿನ ಕಪ್ಪು ಅಂಚಿಗೆ ಬೆರಳಿಟ್ಟು ತೆರೆದಳು. ಕೀರ್ತನೆಗಳು. ಭೂಮಿ ಅದುರಿದರೂ ಬೆಟ್ಟಗಳೇ ಕಡಲಿಗೆ ಉರುಳಿದರೂ ನಮಗೆ ಭಯವಿಲ್ಲ ಎನ್ನುವ ಹಾಡು. ಮೊದಮೊದಲು ಮುನಿಸಿನಲ್ಲಿ ಗೊಣಗುತ್ತ ಓದಿದಳು. ಆಮೇಲೆ ದನಿ ಸಡಿಲವಾಯಿತು. ನಾಲ್ಕಾರು ಸಾಲಾಗುವಷ್ಟರಲ್ಲಿ ತಟ್ಟನೆ ಓದು ನಿಲ್ಲಿಸಿದಳು.

"ಇಲ್ಲೊಂದು ಪದ ಇದೆ. ಸೆಲಾ. ಹಾಗಂದ್ರೇನು?"

ಲಿಫ್ಟತ್ತೆಯ ಮುಖ ಅರಳಿತು. "ಅಯ್ಯೋ, ಅದರ ಕತೆ ಕೇಳಿ! ನಾನು ಅದಕ್ಕೆ ದೀರ್ಘ ಹಾಕಿ ಓದ್ತಿದ್ದೆ. ಸೇಲಾ! ಹಾಡು ಹೇಳ್ತಾ ಹೇಳ್ತಾ ನಡುವೆ ಯಾರೋ ಬಂದು 'ಸೇಲಾ? ಸೇಲಾ?' ಅಂತ ಕೇಳ್ತಾನೆ ಅಂದ್ಕೊಂಡಿದ್ದೆ. ನಿಮ್ಮ ತಮ್ಮನ ಅಂಗಡಿ ಮುಂದೆ ಯಾವಾಗಲೂ 'ಸೇಲ್' ಬೋರ್ಡ್ ನೇತಾಡ್ತಿರುತ್ತಲ್ಲ, ಕಣ್ಣಿಗೆ ಅದೇ ಅಭ್ಯಾಸ."

ನಾನು ಗಂಟಲು ಸರಿಮಾಡಿಕೊಂಡೆ. ಯಾರೂ ಗಮನಿಸಲಿಲ್ಲ.

"ಆಮೇಲೆ ಪಾದ್ರಿಗಳನ್ನ ಕೇಳಿದೆ. ಇಲ್ಲಿ ನಿಂತು ಯೋಚಿಸು ಅಂತಿರಬಹುದು ಅಂದ್ರು. ಭಾನುವಾರದ ಪಾಠದ ಟೀಚರು ಇಲ್ಲಿ ವಾದ್ಯ ಬಾರಿಸ್ತಿದ್ರೇನೋ ಅಂದ್ರು. ಇನ್ನೊಬ್ಬರು ದನಿ ಏರಿಸೋ ಗುರುತು ಅಂದ್ರು. ಕೊನೆಗೆ ಎಲ್ಲರೂ ಸೇರಿ, ಖಂಡಿತ ಯಾರಿಗೂ ಗೊತ್ತಿಲ್ಲಮ್ಮ ಅಂದ್ರು. ನನಗೆ ಅವತ್ತು ಎಷ್ಟು ಖುಷಿ ಆಯ್ತು ಗೊತ್ತಾ? ಅರ್ಥ ಗೊತ್ತಿಲ್ಲ, ಆದ್ರೂ ತೆಗೆದು ಹಾಕಿಲ್ಲ. ತಮ್ಮದೇ ಒಂದು ಅರ್ಥ ಅಂಟಿಸಿಯೂ ಇಲ್ಲ. ಗೊತ್ತಿಲ್ಲದ್ದನ್ನ ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋಗಿದ್ದಾರೆ. ಅವರೇ ಹೋಗಬಹುದಾದ್ರೆ ನಾನು ಹೋಗಬಾರದಾ?"

ಮೂವತ್ತು ಬಗೆಯ ಬಟ್ಟೆಗೆ ನಾನೇ ಹೆಸರಿಟ್ಟು ಮಾರಿದವನು. ಹೆಸರು ತಿಳಿಯದ ಸರಕನ್ನು ಚೀಟಿ ಹಚ್ಚದೆ ಕಪಾಟಿನಲ್ಲಿ ಹಾಗೆಯೇ ಇಟ್ಟುಕೊಳ್ಳಲು ಎಷ್ಟು ಎದೆ ಬೇಕೆಂದು ನನಗೆ ಗೊತ್ತು.

ಅಕ್ಕ ಆ ಪದದ ಮೇಲೆ ಬೆರಳಿಟ್ಟು ಕುಳಿತಿದ್ದಳು.

"ಅವರು ಇದನ್ನ ಯಾವತ್ತೂ ಬಾಯಿಬಿಟ್ಟು ಓದ್ಲಿಲ್ಲ," ಎಂದಳು ಮೆಲ್ಲಗೆ. "ಇಲ್ಲಿಗೆ ಬಂದಾಗ ನಿಲ್ಲಿಸಿಬಿಡ್ತಿದ್ರು. ಕನ್ನಡಕ ತೆಗೆದು ನನ್ನ ಕಡೆ ನೋಡೋರು. ನಾನೂ ಸೂಜಿ ನಿಲ್ಲಿಸ್ತಿದ್ದೆ. ಉಸಿರು ಸಾಲದೆ ನಿಲ್ಲಿಸ್ತಾರೆ ಅಂದ್ಕೊಂಡು ಹೋಗಿ ನೀರು ತಂದುಕೊಡ್ತಿದ್ದೆ. ಪ್ರತಿ ಸಲವೂ ಕುಡಿಯೋರು, ಪಾಪ."

ಲಿಫ್ಟತ್ತೆ ದಾರ ಕಟ್ಟಿದ ಕನ್ನಡಕವನ್ನು ಸರಿಮಾಡಿಕೊಂಡಳು.

"ಹಾಗಾದ್ರೆ ನಿಮ್ಮ ಯಜಮಾನರು ನಿಲ್ಲೋರ ಪಕ್ಷ," ಎಂದಳು. "ಒಳ್ಳೇ ಪಕ್ಷ."

ಅಕ್ಕ ನಕ್ಕಳು. ಆಮೇಲೆ ಅತ್ತಳು. ಭಾವ ಹೋದ ಮೇಲೆ ಇವೆರಡನ್ನೂ ಅವಳು ಮಾಡಿರಲಿಲ್ಲ.

ಮೇಲಿನಿಂದ, ಕೆಳಗಿನಿಂದ ಗಂಟೆ ಬಾರಿಸತೊಡಗಿತು. ಹಲ್ಲು ನೋವಿನವರು ಯಾರೋ ಜಾಲರಿ ಕುಲುಕುತ್ತ, "ಏನು, ಕೆಟ್ಟೋಯ್ತಾ?" ಎಂದು ಕೂಗಿದರು. "ಕೆಟ್ಟಿಲ್ಲ! ಓದ್ತಾ ಇದ್ದೀವಿ!" ಎಂದು ಲಿಫ್ಟತ್ತೆ ತಿರುಗಿ ಕೂಗಿದಳು. ಹಾಡು ಮುಗಿಯುವ ತನಕ ಹಿಡಿಗೆ ಕೈ ಹಾಕಲಿಲ್ಲ. ಮುಂದಿನ ಸೆಲಾ ಬಂದಾಗ ಅಕ್ಕ ಅದನ್ನು ಓದಲಿಲ್ಲ. ನಿಲ್ಲಿಸಿದಳು, ನಮ್ಮಿಬ್ಬರ ಮುಖ ನೋಡಿದಳು, ಆಮೇಲೆ ಮುಂದಕ್ಕೆ ಹೋದಳು.

ಅವತ್ತು ಚರ್ಚಿನ ಕಪಾಟಿಗೆ ಏನೂ ಸೇರಲಿಲ್ಲ. ಈಗ ಅಕ್ಕ ಸಂಜೆ ಓದುತ್ತಾಳೆ, ಜೋರಾಗಿ. ಮೊದಲು ಭಾವನ ಕಪ್ಪು ಅಂಚುಗಳಲ್ಲಿ, ಇತ್ತೀಚೆಗೆ ಅಂಟಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು. ತಿಳಿಯದ್ದನ್ನು ನೆನಪಿಟ್ಟುಕೊಂಡು ಲಿಫ್ಟಿಗೆ ಬಂದು ಕೇಳುತ್ತಾಳೆ. ಲಿಫ್ಟತ್ತೆಗೆ ಗೊತ್ತಿದ್ದರೆ ಹೇಳುತ್ತಾಳೆ, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಪಾದ್ರಿಗಳ ತಲೆ ತಿನ್ನುತ್ತಾರೆ. ಒಂದೆರಡು ಸಲ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟದ್ದೂ ಉಂಟು. ಲಿಫ್ಟತ್ತೆ ಮುನಿಸಿನಲ್ಲಿ ಹಿಡಿ ಮುಟ್ಟದ ಆ ದಿನಗಳಲ್ಲಿ ನನ್ನ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದರು. ಸಂಜೆ ಓದುವಾಗ ನಾನೂ ಹತ್ತಿರದಲ್ಲೇ ಕೂರುತ್ತೇನೆ. ಎಲ್ಲ ಅರ್ಥವಾಗುತ್ತದೆಂದು ಹೇಳಿದರೆ ನನ್ನ ಮಾತನ್ನು ನಂಬಬೇಡಿ. ಮುಂದೇನಾಯಿತೆಂದು ತಿಳಿಯಲು ಕೂರುತ್ತೇನೆ.

ನನ್ನ ಅಕ್ಕ ಈಗ ದೀಪ ಹಾಕಿದ ಮೇಲೆ ಹಾಸಿಗೆಗೆ ಹೋಗದೆ ನಮ್ಮ ಜೊತೆ ಕೂರುತ್ತಾಳೆ. ಇದು ಲಿಫ್ಟತ್ತೆಯಿಂದ ಆದದ್ದು. ಇದಕ್ಕೆ ನಾನು ಆಕೆಗೆ ಋಣಿ.